ಜೋತುಬಿದ್ದ ಚರ್ಮಕ್ಕೆ ಯಾವ ಎಣ್ಣೆ ಹಚ್ಚಲಿ?

ಪ್ರಶ್ನೆ: ತೂಕ ಇಳಿಸಲು ಹೊಟ್ಟೆಯ ಚೀಲ ಚಿಕ್ಕದು ಮಾಡುವ ಬೇರಿಯಾಟ್ರಿಕ್ ಆಪರೇಷನ್ ಆಗಿ ಎಂಟು ತಿಂಗಳಾಯ್ತು. 118 ಕೆಜಿ ಇದ್ದವಳು ಈಗ 84. ಖುಷಿಯೇ. ಆದರೆ ಹೊಟ್ಟೆ, ತೋಳಿನ ಚರ್ಮ ಜೋತುಬಿದ್ದಿದೆ. ಬಿಗಿಯಾಗಲು ಯಾವ ಎಣ್ಣೆ ಹಚ್ಚಬೇಕು?

ಉತ್ತರ: ಯಾವುದೂ ಬೇಡ.

ಇಷ್ಟಕ್ಕೇ ನಿಲ್ಲಿಸಿದರೆ ನೀವು ಕೊಬ್ಬರಿ ಎಣ್ಣೆ ಬಿಟ್ಟು ಹರಳೆಣ್ಣೆ ಹಿಡಿಯುತ್ತೀರಿ ಅಂತ ಗೊತ್ತು. ಈ ಆಪರೇಷನ್ ಆದವರಿಗೆ ಊಟದ ಪಟ್ಟಿ ಬರೆದುಕೊಡುವ ಕೆಲಸ ನನ್ನದು. ಊಟದ ಬಗ್ಗೆ ಒಂದು ಪ್ರಶ್ನೆ ಬಂದರೆ ಎಣ್ಣೆ ಬಗ್ಗೆ ಮೂರು ಬರುತ್ತವೆ. ಹಾಗಾಗಿ ಇವತ್ತು ಪೂರ್ತಿ ಹೇಳಿಬಿಡುತ್ತೇನೆ.

ಚರ್ಮದ ಒಳಪದರದಲ್ಲಿ ಕೊಲಾಜೆನ್, ಎಲಾಸ್ಟಿನ್ ಅನ್ನೋ ನಾರುಗಳಿವೆ. ಹಿಗ್ಗಿದ ಚರ್ಮ ಮತ್ತೆ ಕುಗ್ಗುವುದು ಇವುಗಳಿಂದ. ವರ್ಷಗಟ್ಟಲೆ ಎಳೆದೇ ಇಟ್ಟರೆ ಇವು ಅಲ್ಲಲ್ಲಿ ಹರಿದು ಬಲ ಕಳೆದುಕೊಳ್ಳುತ್ತವೆ. ನಡು ಕುಸಿದ ನವಾರದ ಮಂಚ ನೋಡಿದ್ದೀರಲ್ವಾ? ಅದರ ಪಟ್ಟಿಗೆ ಎಣ್ಣೆ ಸವರಿದರೆ ಪಟ್ಟಿ ನುಣುಪಾಗುತ್ತದೆ, ಮಂಚ ಬಿಗಿಯಾಗುವುದಿಲ್ಲ. ಎಣ್ಣೆಯಿಂದ ಒಣಚರ್ಮ ಮೆತ್ತಗಾಗುತ್ತದೆ, ತುರಿಕೆ ಕಡಿಮೆಯಾಗುತ್ತದೆ. ಅಲ್ಲಿಗೆ ಅದರ ಕೆಲಸ ಮುಗೀತು. ಕೊಲಾಜೆನ್ ಕ್ರೀಮ್ ಕಥೆಯೂ ಇದೇ. ಆ ಕಣ ಎಷ್ಟು ದೊಡ್ಡದು ಅಂದರೆ ಚರ್ಮ ದಾಟಿ ಒಳಗೆ ಇಳಿಯುವುದೇ ಇಲ್ಲ.

ಇಲ್ಲಿಗೆ ಬರುವಷ್ಟರಲ್ಲಿ ಜೊತೆಗೆ ಬಂದ ಅತ್ತೆಯೋ ಅಮ್ಮನೋ ಬಾಯಿ ಹಾಕುತ್ತಾರೆ. "ಬಾಣಂತಿಗೆ ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಹೊಟ್ಟೆಗೆ ಬಟ್ಟೆ ಕಟ್ಟಿದರೆ ಒಳಗೆ ಹೋಗಲ್ವಾ? ನಮಗೆಲ್ಲ ಹೋಗಿಲ್ವಾ?" ಹೋಗಿದೆ ಅಮ್ಮ, ಖಂಡಿತ ಹೋಗಿದೆ. ಆದರೆ ಒಳಗೆ ಹೋದದ್ದು ಗರ್ಭಕೋಶ. ಹೆರಿಗೆ ಆದಾಗ ಸುಮಾರು ಒಂದು ಕೆಜಿ ತೂಗುವ ಅದು ಆರು ವಾರದಲ್ಲಿ ತಾನಾಗಿಯೇ 60-70 ಗ್ರಾಂಗೆ ಇಳಿಯುತ್ತದೆ. ಬಟ್ಟೆ ಕಟ್ಟಿದರೂ ಇಳಿಯುತ್ತದೆ, ಕಟ್ಟದಿದ್ದರೂ ಇಳಿಯುತ್ತದೆ. ಎಣ್ಣೆನೀರಿನ ಸುಖ ಬೇರೆ ಮಾತು, ಅದನ್ನು ಬೇಡ ಅನ್ನುವಷ್ಟು ಕಟುಕಿ ನಾನಲ್ಲ. ಒಂಬತ್ತು ತಿಂಗಳು ಹಿಗ್ಗಿದ ಚರ್ಮಕ್ಕೂ ಹದಿನೈದು ವರ್ಷ ಹಿಗ್ಗಿದ ಚರ್ಮಕ್ಕೂ ಹೋಲಿಕೆ ಬೇಡ ಅಂತ ಮಾತ್ರ ಹೇಳೋದು.

"ಪಕ್ಕದ ಮನೆಯವರಿಗೆ ಬಿಗಿಯಾಯ್ತಲ್ಲ" ಅನ್ನೋದು ಇನ್ನೊಂದು. ಅವರ ವಯಸ್ಸೆಷ್ಟು? ಇಳಿಸಿದ್ದು ಎಷ್ಟು ಕೆಜಿ? ಇಪ್ಪತ್ತೈದರ ಹುಡುಗಿ ಹನ್ನೆರಡು ಕೆಜಿ ಇಳಿಸಿದರೆ ಚರ್ಮ ಸಾಮಾನ್ಯವಾಗಿ ಹಿಂದಕ್ಕೆ ಬರುತ್ತದೆ. ಐವತ್ತರಲ್ಲಿ ನಲವತ್ತು ಕೆಜಿ ಇಳಿಸಿದವರಿಗೆ, ಅದರಲ್ಲೂ ಸಿಗರೇಟು ಸೇದುವವರಿಗೆ, ಅಷ್ಟು ಬರುವುದಿಲ್ಲ. ಮೊದಲ ಒಂದೆರಡು ವರ್ಷದಲ್ಲಿ ಎಲ್ಲರಿಗೂ ಸ್ವಲ್ಪ ಕುಗ್ಗುತ್ತದೆ. ಕೆಲಸ ಮಾಡಿದ್ದು ಕಾಲ, ಹೆಸರು ಬಂದದ್ದು ಎಣ್ಣೆಗೆ.

ವ್ಯಾಯಾಮ? ಮಾಡಿ. ತೋಳು, ತೊಡೆಯ ಸ್ನಾಯು ತುಂಬಿಕೊಂಡರೆ ನೋಡಲು ಕೊಂಚ ವಾಸಿ. ಚರ್ಮ ಮಾತ್ರ ಕುಗ್ಗುವುದಿಲ್ಲ. ಬೆಲ್ಟ್ ಹಾಕಿದಷ್ಟು ಹೊತ್ತು ಹಿಡಿದಿಡುತ್ತದೆ.

ಹೊಟ್ಟೆಯ ಮಡಿಕೆ ಒಳಗಂತೂ ಎಣ್ಣೆ ಹಾಕಲೇಬೇಡಿ. ಅಲ್ಲಿ ಮೊದಲೇ ಬೆವರು ನಿಂತಿರುತ್ತದೆ. ಎಣ್ಣೆಯೂ ಸೇರಿದರೆ ಕೆಂಪಾಗಿ, ಉರಿದು, ವಾಸನೆ ಬಂದು, ಫಂಗಸ್ ಹಿಡಿಯುತ್ತದೆ. ಒದ್ದೆ ಮಡಿಕೆಗೆ ಪೌಡರ್ ಸುರಿದರೆ ಅದು ಹಿಟ್ಟು ಕಲಸಿದ ಹಾಗೆ ಅಂಟಿಕೊಳ್ಳುತ್ತದೆ. ಸ್ನಾನ ಆದಮೇಲೆ ಮಡಿಕೆ ಎತ್ತಿ ಒರೆಸಿ, ಫ್ಯಾನ್ ಕೆಳಗೆ ಎರಡು ನಿಮಿಷ ನಿಲ್ಲಿ. ಆಮೇಲೆ ಹಳೇ ಪಂಚೆಯ ಮೆತ್ತನೆ ತುಂಡು ಮಡಚಿ ನಡುವೆ ಇಟ್ಟುಕೊಳ್ಳಿ. ಒದ್ದೆಯಾದರೆ ಬದಲಾಯಿಸಿ.

ಹೆಚ್ಚಾಗಿ ಉಳಿದ ಚರ್ಮ ಹೋಗಬೇಕು ಅಂದರೆ ಪ್ಲಾಸ್ಟಿಕ್ ಸರ್ಜನ್ ಕತ್ತರಿಸಿಯೇ ತೆಗೆಯಬೇಕು. ಸೊಂಟದ ಈ ಕೊನೆಯಿಂದ ಆ ಕೊನೆವರೆಗೆ ಗಾಯದ ಗೆರೆ ಉಳಿಯುತ್ತದೆ. ನಿಮಗಿನ್ನೂ ಎಂಟೇ ತಿಂಗಳು, ಅವಸರ ಬೇಡ. ಮೊದಲ ಆಪರೇಷನ್ ಆಗಿ 12ರಿಂದ 18 ತಿಂಗಳು ಕಳೆಯಲಿ. ತೂಕ 3ರಿಂದ 6 ತಿಂಗಳು ಒಂದೇ ಕಡೆ ನಿಂತಿರಲಿ. ಇಳಿಯುತ್ತಿರುವಾಗಲೇ ಕತ್ತರಿಸಿದರೆ ಮತ್ತೆ ಜೋತುಬೀಳುತ್ತದೆ. ಅಂದಕ್ಕೆ ಮಾಡಿಸುವ ಆಪರೇಷನ್ ಅಂದರೆ ವಿಮೆ ದುಡ್ಡು ಸಿಗುವುದಿಲ್ಲ. ಮಡಿಕೆಯಲ್ಲಿ ಪದೇ ಪದೇ ಸೋಂಕು ಆಗುತ್ತಿದ್ದರೆ ಪ್ರತಿ ಸಲವೂ ಡಾಕ್ಟರ ಹತ್ತಿರ ಬರೆಸಿ ಇಟ್ಟುಕೊಳ್ಳಿ. ಕೇಳುವಾಗ ಕೈಯಲ್ಲಿ ಕಾಗದ ಇರಲಿ.

ನೀವು ಕೇಳದೇ ಇರೋದನ್ನೂ ಹೇಳುತ್ತೇನೆ. ಇಳಿದ ತೂಕ ಹಾಗೇ ಉಳಿಯುತ್ತಾ? ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ಒಂದು ದೊಡ್ಡ ಅಧ್ಯಯನ ಇದೆ. ಆಪರೇಷನ್ ಆದವರ ತೂಕ ಎರಡು ವರ್ಷಕ್ಕೆ ಸರಾಸರಿ ಶೇ 23ರಷ್ಟು ಇಳಿದಿತ್ತು. ಹತ್ತು ವರ್ಷಕ್ಕೆ ಅದು ಶೇ 17, ಇಪ್ಪತ್ತು ವರ್ಷಕ್ಕೆ ಶೇ 18. ಅಂದರೆ ಸ್ವಲ್ಪ ವಾಪಸ್ ಬರುತ್ತದೆ, ಬಹುಪಾಲು ಉಳಿಯುತ್ತದೆ. ಚಿಕ್ಕ ಹೊಟ್ಟೆಗೆ ಮುದ್ದೆ, ಚಪಾತಿ ಜಾಸ್ತಿ ಹಿಡಿಸದು. ಆದರೆ ಮಿಕ್ಸ್‌ಚರ್, ಸಿಹಿ ಕಾಫಿ ಸಲೀಸಾಗಿ ಇಳಿದುಹೋಗುತ್ತವೆ, ಹೊಟ್ಟೆ ತುಂಬಿದ ಹಾಗೇ ಅನಿಸುವುದಿಲ್ಲ.

ಆಪರೇಷನ್ ಆಗಿ ಮೂರು ವರ್ಷ ಕಳೆದಿದ್ದ ಒಬ್ಬರು ನಗುನಗುತ್ತಾ ಬಂದು ತೋಳು ಚಾಚಿದರು. "ನೋಡಿ ಮೇಡಂ, ನೀವು ಬೇಡ ಅಂದ ಎಣ್ಣೆನೇ. ಎಷ್ಟು ಬಿಗಿ ಆಗಿದೆ!" ತಕ್ಕಡಿ ಮೇಲೆ ನಿಲ್ಲಿಸಿದೆ. ಒಂಬತ್ತು ಕೆಜಿ ಜಾಸ್ತಿ. ದಿನಕ್ಕೆ ಆರು ಕಾಫಿ, ಒಂದೊಂದಕ್ಕೂ ಎರಡು ಚಮಚ ಸಕ್ಕರೆ. ಸಕ್ಕರೆ, ಕುರುಕಲು ಎರಡನ್ನೂ ಬಿಡಿಸಿದೆ. ನಾಲ್ಕು ತಿಂಗಳಿಗೆ ಐದು ಕೆಜಿ ಇಳಿಸಿಕೊಂಡು ಬಂದರು, ಮುಖ ಮಾತ್ರ ಸಪ್ಪಗಿತ್ತು.

"ಮತ್ತೆ ಜೋತುಬಿದ್ದಿದೆ ಮೇಡಂ. ಎಣ್ಣೆ ಬದಲಾಯಿಸಲಾ?"