ರಾತ್ರಿ ಎರಡು ಗಂಟೆಯ ಕಿವಿನೋವು

ಶೀತವಾಗಿ ಎರಡು ದಿನವಾಗಿದೆ. ರಾತ್ರಿ ಎರಡು ಗಂಟೆಗೆ ಮಗು ಕಿವಿ ಹಿಡಿದುಕೊಂಡು ಅಳುತ್ತಾ ಎದ್ದು ಕೂರುತ್ತದೆ. ಮಲಗಿಸಿದರೆ ನೋವು ಇನ್ನೂ ಜಾಸ್ತಿ. ಮಕ್ಕಳಿರುವ ಮನೆಯಲ್ಲಿ ಇಂಥ ರಾತ್ರಿ ಒಮ್ಮೆಯಾದರೂ ಬಂದಿರುತ್ತದೆ, ಅಲ್ವಾ?

ಮೂಗಿನ ಹಿಂಭಾಗದಿಂದ ಮಧ್ಯಕಿವಿಗೆ ಸಣ್ಣ ನಾಳವೊಂದಿದೆ. ಚಿಕ್ಕ ಮಕ್ಕಳಲ್ಲಿ ಅದು ಗಿಡ್ಡ, ಇಳಿಜಾರೂ ಕಡಿಮೆ. ಶೀತಕ್ಕೆ ನಾಳ ಊದಿ ಮುಚ್ಚಿಕೊಂಡರೆ ಒಳಗೆ ನೀರು ನಿಲ್ಲುತ್ತದೆ, ಬ್ಯಾಕ್ಟೀರಿಯಾ ಬೆಳೆಯುತ್ತದೆ, ಕೀವು ಕಿವಿಯ ತಮಟೆಯನ್ನು ಒಳಗಿನಿಂದ ಒತ್ತುತ್ತದೆ.

ಆ ರಾತ್ರಿಗೆ ಬೇಕಾದ್ದು ಮಗುವಿನ ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್. ಆಂಟಿಬಯೋಟಿಕ್ ಕೊಟ್ಟರೂ ಮೊದಲ 24 ಗಂಟೆ ನೋವು ಅದರಿಂದ ಇಳಿಯುವುದಿಲ್ಲ. ಎರಡು ವರ್ಷ ದಾಟಿದ ಮಗುವಿಗೆ ಜೋರು ಜ್ವರ, ವಿಪರೀತ ನೋವು ಇಲ್ಲದಿದ್ದರೆ ಡಾಕ್ಟರು ಎರಡು ಮೂರು ದಿನ ನೋಡೋಣ ಎನ್ನಬಹುದು. ಬಹಳಷ್ಟು ಮಕ್ಕಳಿಗೆ ತಾನಾಗಿಯೇ ವಾಸಿಯಾಗುತ್ತದೆ. ಆರು ತಿಂಗಳೊಳಗಿನ ಕೂಸಾದರೆ, ಕಿವಿ ಸೋರುತ್ತಿದ್ದರೆ ಕಾಯುವ ಮಾತಿಲ್ಲ.

ಆಂಟಿಬಯೋಟಿಕ್ ಬೇಕೇ ಬೇಕು ಎಂದಾದರೆ ಮೊದಲ ಆಯ್ಕೆ ಹಳೆಯ ಅಮಾಕ್ಸಿಸಿಲಿನ್. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2013ರ ಮಾರ್ಗಸೂಚಿ ಹೇಳುವ ಡೋಸ್ ದಿನಕ್ಕೆ ಕಿಲೋಗೆ 80ರಿಂದ 90 ಮಿಲಿಗ್ರಾಂ. ಇಷ್ಟು ಯಾಕೆ? ಕಿವಿಗೆ ಬರುವ ನ್ಯೂಮೊಕಾಕಸ್ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳು, ಔಷಧಿ ಹಿಡಿಯುವ ಜಾಗವನ್ನೇ ಬದಲಿಸಿಕೊಂಡಿವೆ. ಡೋಸ್ ಹೆಚ್ಚಿಸಿದರೆ ಹಿಡಿತ ಸಿಗುತ್ತದೆ. ಹೀಮೊಫಿಲಸ್ ಎಂಬ ಇನ್ನೊಂದರ ಉಪಾಯ ಬೇರೆ. ಅದರ ಹಲವು ತಳಿಗಳು ಅಮಾಕ್ಸಿಸಿಲಿನ್ ಅನ್ನೇ ಮುರಿಯುವ ಕಿಣ್ವ ಸುರಿಸುತ್ತವೆ. ಅಲ್ಲಿ ಬೇಕಾದ್ದು ಕ್ಲಾವುಲಾನಿಕ್ ಆಸಿಡ್. ಅದು ಕಿಣ್ವಕ್ಕೆ ಅಂಟಿಕೊಂಡು ತಾನು ಹಾಳಾಗುತ್ತದೆ, ಅಮಾಕ್ಸಿಸಿಲಿನ್ ಉಳಿಯುತ್ತದೆ. ಎಷ್ಟು ಚೆಂದದ ಜೋಡಿ! ಕಳೆದ 30 ದಿನದಲ್ಲಿ ಅಮಾಕ್ಸಿಸಿಲಿನ್ ತೆಗೆದುಕೊಂಡ ಮಗುವಿಗೆ, ಕಿವಿಯ ಜೊತೆ ಕಣ್ಣಲ್ಲೂ ಪಿಸುರು ಬರುತ್ತಿರುವ ಮಗುವಿಗೆ ಈ ಜೋಡಿಯನ್ನೇ ಕೊಡುತ್ತಾರೆ. ಅಮಾಕ್ಸಿಸಿಲಿನ್ ಪೆನಿಸಿಲಿನ್ ಗುಂಪಿನದೇ, ಹಾಗಾಗಿ ಪೆನಿಸಿಲಿನ್ ಅಲರ್ಜಿ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಮೆಡಿಕಲ್ ಶಾಪಿನಲ್ಲಿ ಕೇಳಿದ ತಕ್ಷಣ ಅಜಿತ್ರೊಮೈಸಿನ್ ಎಂಬ ಇನ್ನೊಂದು ಆಂಟಿಬಯೋಟಿಕ್ ಸಿಕ್ಕಿಬಿಡುವುದು ನನಗೆ ನಿಜಕ್ಕೂ ಸಂಕಟದ ವಿಷಯ. ಕಿವಿಯ ಸೋಂಕಿಗೆ ಅದು ಒಳ್ಳೆಯ ಆಯ್ಕೆಯಲ್ಲ.

ಅಮಾಕ್ಸಿಸಿಲಿನ್ ಸಿರಪ್ ಬಾಟಲಿಯಲ್ಲಿ ಬರುವುದು ಒಣಪುಡಿ. ಅದನ್ನು ಮೊದಲು ತಟ್ಟಿ ಸಡಿಲ ಮಾಡಿ. ಕುದಿಸಿ ಆರಿಸಿದ ನೀರನ್ನು ಗುರುತಿಗಿಂತ ಸ್ವಲ್ಪ ಕೆಳಗಿನವರೆಗೆ ಹಾಕಿ ಕುಲುಕಿ. ನೊರೆ ಇಳಿದ ಮೇಲೆ ಗುರುತು ಮುಟ್ಟುವಷ್ಟು ನೀರು ಸೇರಿಸಿ. ಕ್ಲಾವುಲಾನಿಕ್ ಸೇರಿದ ಸಿರಪ್ಪನ್ನು ಫ್ರಿಜ್ಜಿನಲ್ಲೇ ಇಡಬೇಕು. ಕಲಸಿದ ಮೇಲೆ ಅದು ಬಹುದಿನ ಬಾಳುವುದಿಲ್ಲ, ಸಾಮಾನ್ಯವಾಗಿ ಏಳರಿಂದ ಹತ್ತು ದಿನ ಅಷ್ಟೇ. ಮುಂದಿನ ಶೀತಕ್ಕೆಂದು ಎತ್ತಿಟ್ಟ ಅರ್ಧ ಬಾಟಲಿಯಲ್ಲಿ ಔಷಧಿಯ ಬಲ ಉಳಿದಿರುವುದಿಲ್ಲ.

ಬೆಳ್ಳುಳ್ಳಿ ಕಾಯಿಸಿದ ಎಣ್ಣೆ? ತಮಟೆ ತೂತಾಗಿದ್ದರೆ ಅದು ನೇರ ಮಧ್ಯಕಿವಿಗೇ ಇಳಿಯುತ್ತದೆ. ತೂತಾಗಿದೆಯೇ ಎಂದು ಹೊರಗಿನಿಂದ ಕಾಣುವುದಿಲ್ಲ. ಡಾಕ್ಟರು ದೀಪವಿರುವ ಆ ಸಣ್ಣ ಕೊಳವೆಯಲ್ಲಿ ಇಣುಕಿ ನೋಡುವುದು ಅದಕ್ಕೇ.