ಜಿಡಿಪಿ ಶ್ರೇಯಾಂಕ: ದೇಶಗಳ ಸ್ಥಾನ ಏರಿಳಿಯುವುದು ಹೇಗೆ?

2024ರ ಫೆಬ್ರುವರಿಯಲ್ಲಿ ಜಪಾನ್ ಸರ್ಕಾರ ಹಿಂದಿನ ವರ್ಷದ ಆರ್ಥಿಕ ಅಂಕಿಅಂಶಗಳನ್ನು ಪ್ರಕಟಿಸಿದಾಗ, ಜಗತ್ತಿನ ಮೂರನೇ ಅತಿದೊಡ್ಡ ಆರ್ಥಿಕತೆಯೆಂಬ ಸ್ಥಾನವನ್ನು ಆ ದೇಶ ಜರ್ಮನಿಗೆ ಬಿಟ್ಟುಕೊಟ್ಟಿರುವುದು ಖಚಿತವಾಯಿತು. ಜಪಾನಿನ ಒಟ್ಟು ಆಂತರಿಕ ಉತ್ಪನ್ನ, ಅಂದರೆ ಜಿಡಿಪಿ, 4.21 ಲಕ್ಷ ಕೋಟಿ ಡಾಲರ್ ಇದ್ದರೆ ಜರ್ಮನಿಯದು ಸುಮಾರು 4.46 ಲಕ್ಷ ಕೋಟಿ ಡಾಲರ್ ಇತ್ತು. (ಪತ್ರಿಕೆಗಳು ಟ್ರಿಲಿಯನ್ ಎಂದು ಬರೆಯುವುದು ನಮ್ಮ ಒಂದು ಲಕ್ಷ ಕೋಟಿಯನ್ನೇ.) ವಿಚಿತ್ರವೆಂದರೆ, ಮೊದಲ ಅಂದಾಜಿನ ಪ್ರಕಾರ 2023ರಲ್ಲಿ ಜಪಾನಿನ ಆರ್ಥಿಕತೆ ಶೇ 1.9ರಷ್ಟು ಬೆಳೆದಿತ್ತು, ಜರ್ಮನಿಯದು ಶೇ 0.3ರಷ್ಟು ಕುಗ್ಗಿತ್ತು. ಬೆಳೆದ ದೇಶ ಕೆಳಗಿಳಿದು, ಕುಗ್ಗಿದ ದೇಶ ಮೇಲೇರಿದ್ದು ಹೇಗೆ ಎಂಬುದನ್ನು ಬಿಡಿಸಿ ನೋಡಿದರೆ ಜಿಡಿಪಿ ಶ್ರೇಯಾಂಕವೆಂಬುದರ ಒಳಗೆ ಏನೆಲ್ಲ ಸೇರಿಕೊಂಡಿದೆ ಎಂಬುದು ಗೊತ್ತಾಗುತ್ತದೆ.

ಒಂದು ದೇಶದ ಗಡಿಯೊಳಗೆ ಒಂದು ವರ್ಷದಲ್ಲಿ ಉತ್ಪಾದನೆಯಾದ, ಅಂತಿಮ ಬಳಕೆಗೆ ಒದಗುವ ಎಲ್ಲ ಸರಕು ಮತ್ತು ಸೇವೆಗಳ ಮೌಲ್ಯವೇ ಜಿಡಿಪಿ. ಪ್ರತಿ ದೇಶವೂ ಇದನ್ನು ತನ್ನ ನಾಣ್ಯದಲ್ಲಿ ಲೆಕ್ಕ ಹಾಕುತ್ತದೆ. ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಮತ್ತು ವಿಶ್ವ ಬ್ಯಾಂಕ್ ಆ ಮೊತ್ತಗಳನ್ನು ಆಯಾ ವರ್ಷದ ಸರಾಸರಿ ವಿನಿಮಯ ದರದಲ್ಲಿ ಡಾಲರಿಗೆ ಪರಿವರ್ತಿಸುತ್ತವೆ. ಹಾಗೆ ಬಂದ ಮೊತ್ತಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ ನಾವು ಸುದ್ದಿಯಲ್ಲಿ ಓದುವ ಶ್ರೇಯಾಂಕ ಸಿದ್ಧವಾಗುತ್ತದೆ. ಆದ್ದರಿಂದ ಒಂದು ದೇಶದ ಸ್ಥಾನವನ್ನು ತೀರ್ಮಾನಿಸುವಲ್ಲಿ ಆ ದೇಶ ಎಷ್ಟು ಉತ್ಪಾದಿಸಿತು ಎಂಬುದಕ್ಕೆ ಎಷ್ಟು ಪಾಲಿದೆಯೋ, ಅದರ ಬೆಲೆಗಳು ಎಷ್ಟು ಏರಿದವು, ಅದರ ನಾಣ್ಯ ಡಾಲರಿನೆದುರು ಎಲ್ಲಿ ನಿಂತಿತು, ನಡೆದ ಉತ್ಪಾದನೆಯಲ್ಲಿ ಎಷ್ಟು ಭಾಗ ಸರ್ಕಾರಿ ಅಂಕಿಅಂಶ ಇಲಾಖೆಯ ಕಣ್ಣಿಗೆ ಬಿತ್ತು ಎಂಬುದಕ್ಕೂ ಅಷ್ಟೇ ಪಾಲಿದೆ. ಜನರು ಸಾಮಾನ್ಯವಾಗಿ ಬೆಳವಣಿಗೆಯೆಂದು ಭಾವಿಸುವುದು ಇವುಗಳಲ್ಲಿ ಮೊದಲನೆಯದನ್ನು ಮಾತ್ರ.

ಜಪಾನಿನ ವಿಷಯದಲ್ಲಿ ಕೆಲಸ ಮಾಡಿದ್ದು ನಾಣ್ಯ. 2012ರಲ್ಲಿ ಒಂದು ಡಾಲರಿಗೆ ಸರಾಸರಿ 80 ಯೆನ್ ಸಾಕಾಗುತ್ತಿತ್ತು. 2023ರಲ್ಲಿ ಸುಮಾರು 140 ಯೆನ್ ಬೇಕಾಯಿತು. ಇದೇ ಅವಧಿಯಲ್ಲಿ ಯೆನ್ ಲೆಕ್ಕದ ಜಪಾನಿನ ಜಿಡಿಪಿ ಸುಮಾರು 500 ಲಕ್ಷ ಕೋಟಿಯಿಂದ 590 ಲಕ್ಷ ಕೋಟಿಗೆ ಏರಿತು. ಡಾಲರಿನಲ್ಲಿ ಅಳೆದಾಗ ಮಾತ್ರ ಅದು 6 ಲಕ್ಷ ಕೋಟಿಗೂ ಮೇಲಿನಿಂದ 4.2 ಲಕ್ಷ ಕೋಟಿಗೆ ಇಳಿದು, ಮೂರನೇ ಒಂದು ಭಾಗವೇ ಕರಗಿದಂತೆ ಕಾಣುತ್ತದೆ. 2022ರ ಮಾರ್ಚ್‌ನಿಂದ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಹಣದುಬ್ಬರವನ್ನು ತಡೆಯಲು ಬಡ್ಡಿದರವನ್ನು ಶೂನ್ಯದ ಸಮೀಪದಿಂದ ಶೇ 5ಕ್ಕೂ ಮೇಲಕ್ಕೆ ಏರಿಸುತ್ತ ಹೋದಾಗ, ಬ್ಯಾಂಕ್ ಆಫ್ ಜಪಾನ್ ತನ್ನ ದರವನ್ನು ಶೂನ್ಯಕ್ಕಿಂತ ತುಸು ಕೆಳಗೇ ಇಟ್ಟುಕೊಂಡಿತು. ಹೆಚ್ಚು ಬಡ್ಡಿ ಸಿಗುವ ಕಡೆಗೆ ಹಣ ಹರಿದು ಯೆನ್ ಕುಸಿಯಿತು. 1968ರಲ್ಲಿ ಪಶ್ಚಿಮ ಜರ್ಮನಿಯನ್ನು ಹಿಂದಿಕ್ಕಿ ಎರಡನೇ ಸ್ಥಾನಕ್ಕೇರಿದ ಜಪಾನ್ ಕಾರು, ಉಕ್ಕು, ಎಲೆಕ್ಟ್ರಾನಿಕ್ ವಸ್ತುಗಳ ಉತ್ಪಾದನೆಯಿಂದ ಆ ಸ್ಥಾನ ಗಳಿಸಿತ್ತು. 2023ರ ಇಳಿತವನ್ನು ಆ ಏರಿಕೆಯ ತಿರುಗುಮುರುಗು ರೂಪವೆಂದು ಓದಿದರೆ ಅರ್ಧ ಸತ್ಯವಷ್ಟೇ ದಕ್ಕುತ್ತದೆ.

ಭಾರತದ ಲೆಕ್ಕವನ್ನೂ ಇದೇ ರೀತಿ ನೋಡಬಹುದು. 2024-25ರಲ್ಲಿ ಚಾಲ್ತಿ ಬೆಲೆಗಳಲ್ಲಿ (ಅಂದರೆ ಹಣದುಬ್ಬರವನ್ನು ಕಳೆಯದೆ) ನಮ್ಮ ಜಿಡಿಪಿ ತಾತ್ಕಾಲಿಕ ಅಂದಾಜಿನಂತೆ 330.68 ಲಕ್ಷ ಕೋಟಿ ರೂಪಾಯಿ. ಡಾಲರಿಗೆ 84.5 ರೂಪಾಯಿಯಂತೆ ಭಾಗಿಸಿದರೆ 3.91 ಲಕ್ಷ ಕೋಟಿ ಡಾಲರ್ ಬರುತ್ತದೆ. ರೂಪಾಯಿ ಹತ್ತು ವರ್ಷಗಳ ಹಿಂದಿನಂತೆ 60ರ ಆಸುಪಾಸಿನಲ್ಲೇ ಇದ್ದಿದ್ದರೆ ಇದೇ ಮೊತ್ತ 5.5 ಲಕ್ಷ ಕೋಟಿ ಡಾಲರ್ ಆಗಿ, ಭಾರತ ಜರ್ಮನಿಯನ್ನೂ ದಾಟಿರುತ್ತಿತ್ತು. ಇದನ್ನು ರೂಪಾಯಿ ಕುಸಿತದಿಂದಾದ ನಷ್ಟವೆಂದು ಹೇಳಿಬಿಡುವುದು ಸುಲಭ, ಆದರೆ ಸರಿಯಲ್ಲ. ಅಮೆರಿಕಕ್ಕಿಂತ ನಮ್ಮಲ್ಲಿ ಬೆಲೆಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ವೇಗವಾಗಿ ಏರುತ್ತ ಬಂದದ್ದರಿಂದ ರೂಪಾಯಿ ಲೆಕ್ಕದ ಮೊತ್ತ ಉಬ್ಬಿದೆ. ವಿನಿಮಯ ದರದ ಇಳಿಕೆಯಲ್ಲಿ ಒಂದು ಭಾಗ ಆ ಉಬ್ಬರವನ್ನು ಸರಿದೂಗಿಸುವುದೇ ಆಗಿದೆ.

2025ರ ಏಪ್ರಿಲ್‌ನಲ್ಲಿ ಐಎಂಎಫ್ ಪ್ರಕಟಿಸಿದ ವರದಿಯಲ್ಲಿ ಆ ವರ್ಷದ ಭಾರತದ ಜಿಡಿಪಿ 4.187 ಲಕ್ಷ ಕೋಟಿ ಡಾಲರ್, ಜಪಾನಿನದು 4.186 ಲಕ್ಷ ಕೋಟಿ ಡಾಲರ್ ಆಗಲಿದೆಯೆಂಬ ಮುನ್ನಂದಾಜು ಇತ್ತು. ಭಾರತ ನಾಲ್ಕನೇ ಅತಿದೊಡ್ಡ ಆರ್ಥಿಕತೆಯಾಗಿದೆಯೆಂದು ಮೇ ತಿಂಗಳಲ್ಲಿ ನೀತಿ ಆಯೋಗದ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಹೇಳಿದ್ದು ಈ ಅಂಕಿಗಳನ್ನು ಆಧರಿಸಿ. ಅಂತರ ನೂರು ಕೋಟಿ ಡಾಲರಿಗಿಂತಲೂ ಕಡಿಮೆ. ಯೆನ್ ಅರ್ಧ ಪೈಸೆಯಷ್ಟು ಅಲುಗಿದರೂ ಅಳಿಸಿಹೋಗುವ ಅಂತರವದು. ಮೇಲಾಗಿ ಅದು ಇನ್ನೂ ಮುಗಿಯದ ವರ್ಷದ ಮುನ್ನಂದಾಜು, ಮತ್ತು ಭಾರತದ ಅಂಕಿ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹಣಕಾಸು ವರ್ಷದ್ದಾದರೆ ಜಪಾನಿನದು ಕ್ಯಾಲೆಂಡರ್ ವರ್ಷದ್ದು. ಅದೇ ವರ್ಷದ ಅಕ್ಟೋಬರ್‌ನ ವರದಿಯಲ್ಲಿ ಜಪಾನ್ ಮತ್ತೆ ಮುಂದಿತ್ತು. ಆರು ತಿಂಗಳಲ್ಲಿ ಎರಡೂ ದೇಶಗಳ ಕಾರ್ಖಾನೆ, ಹೊಲ, ಕಚೇರಿಗಳಲ್ಲಿ ಆ ಮಟ್ಟದ ವ್ಯತ್ಯಾಸವೇನೂ ಆಗಿರಲಿಲ್ಲ.

ಪಟ್ಟಿಯ ಮೇಲ್ತುದಿಯಲ್ಲಿಯೂ ಇಂಥದೇ ಆಟ ನಡೆದಿದೆ. 2010ರಲ್ಲಿ ಜಪಾನನ್ನು ಹಿಂದಿಕ್ಕಿದ ಚೀನಾ 2021ರ ಹೊತ್ತಿಗೆ ಅಮೆರಿಕದ ಜಿಡಿಪಿಯ ಮುಕ್ಕಾಲು ಭಾಗವನ್ನು ಮುಟ್ಟಿತ್ತು. 2024ರಲ್ಲಿ ಆ ಪ್ರಮಾಣ ಶೇ 65ರ ಆಸುಪಾಸಿಗೆ ಇಳಿಯಿತು. 2022ರಿಂದ 2024ರವರೆಗಿನ ಮೂರೂ ವರ್ಷಗಳಲ್ಲಿ ಚೀನಾದ ನೈಜ (ಬೆಲೆ ಏರಿಕೆಯನ್ನು ಕಳೆದ) ಬೆಳವಣಿಗೆ ದರ ಅಮೆರಿಕದ್ದಕ್ಕಿಂತ ಹೆಚ್ಚೇ ಇತ್ತು. ಆದರೆ ಅಮೆರಿಕದಲ್ಲಿ ಬೆಲೆಗಳು ಜೋರಾಗಿ ಏರಿ ಡಾಲರ್ ಮೊತ್ತವನ್ನು ಹಿಗ್ಗಿಸಿದವು. ಚೀನಾದಲ್ಲಿ ಕಟ್ಟಡ ನಿರ್ಮಾಣ ಕ್ಷೇತ್ರ ಕುಸಿದು ಬೆಲೆಗಳು ಏರುವ ಬದಲು ತಗ್ಗತೊಡಗಿದ್ದವು, ಯುವಾನ್ ಕೂಡ ದುರ್ಬಲವಾಗಿತ್ತು. ಹಣದುಬ್ಬರ ಹೆಚ್ಚಿರುವ ದೇಶ, ಅದರ ನಾಣ್ಯವೂ ಬಲವಾಗಿದ್ದರೆ, ಈ ಪಟ್ಟಿಯಲ್ಲಿ ಅಂತರ ಹೆಚ್ಚಿಸಿಕೊಳ್ಳುತ್ತದೆ ಎಂಬುದು ಶ್ರೇಯಾಂಕದ ಅತ್ಯಂತ ಅಸಂಬದ್ಧ ಗುಣಗಳಲ್ಲಿ ಒಂದು.

ಎಣಿಕೆಯ ವಿಧಾನ ಬದಲಾದದ್ದರಿಂದಲೇ ಸ್ಥಾನ ಬದಲಾದ ಪ್ರಸಂಗಗಳೂ ಇವೆ. ತೆರಿಗೆಯ ಕಣ್ಣು ತಪ್ಪಿಸಿ ನಡೆಯುವ ಸಣ್ಣ ಉದ್ಯಮಗಳ ಉತ್ಪಾದನೆಯನ್ನು 1987ರಲ್ಲಿ ಇಟಲಿ ತನ್ನ ಲೆಕ್ಕಕ್ಕೆ ಸೇರಿಸಿಕೊಂಡಾಗ ಅದರ ಜಿಡಿಪಿ ಒಮ್ಮೆಲೇ ಶೇ 15ಕ್ಕೂ ಹೆಚ್ಚು ಹಿಗ್ಗಿ, ಬ್ರಿಟನ್ ಹಿಂದೆ ಬಿತ್ತು. ನೈಜೀರಿಯಾದ ಕಥೆ ಇನ್ನೂ ನಾಟಕೀಯವಾದದ್ದು. ಆ ದೇಶ 2014ರ ಏಪ್ರಿಲ್‌ವರೆಗೆ 1990ನ್ನೇ ಮೂಲ ವರ್ಷವಾಗಿಟ್ಟುಕೊಂಡು (ಆ ವರ್ಷದ ಬೆಲೆ ಮತ್ತು ಉದ್ಯಮಗಳ ಚಿತ್ರವನ್ನೇ ಆಧಾರವಾಗಿಸಿಕೊಂಡು) ಲೆಕ್ಕ ಹಾಕುತ್ತಿತ್ತು. ಅಂದರೆ ಮೊಬೈಲ್ ಫೋನ್ ಸೇವೆಯಾಗಲಿ, ಆಫ್ರಿಕಾದಾದ್ಯಂತ ಹೆಸರು ಮಾಡಿದ ಅಲ್ಲಿನ ಚಲನಚಿತ್ರೋದ್ಯಮವಾಗಲಿ ಅದರಲ್ಲಿ ಸರಿಯಾಗಿ ಕಾಣಿಸುತ್ತಲೇ ಇರಲಿಲ್ಲ. ಮೂಲ ವರ್ಷವನ್ನು 2010ಕ್ಕೆ ಬದಲಿಸಿದಾಗ ಜಿಡಿಪಿ ಶೇ 89ರಷ್ಟು ಏರಿ ಸುಮಾರು 51,000 ಕೋಟಿ ಡಾಲರ್ ಆಯಿತು, ನೈಜೀರಿಯಾ ದಕ್ಷಿಣ ಆಫ್ರಿಕಾವನ್ನು ದಾಟಿ ಆ ಖಂಡದ ಅತಿದೊಡ್ಡ ಆರ್ಥಿಕತೆಯಾಯಿತು. 2023ರಲ್ಲಿ ಅಲ್ಲಿನ ನಾಣ್ಯವಾದ ನೈರಾದ ವಿನಿಮಯ ದರವನ್ನು ಮಾರುಕಟ್ಟೆಗೆ ಬಿಟ್ಟಾಗ ಡಾಲರಿಗೆ 460ರ ಸುಮಾರಿನಲ್ಲಿದ್ದ ಅದು ಮರುವರ್ಷ 1,500ನ್ನು ದಾಟಿತು. ನೈಜೀರಿಯಾ ಆಫ್ರಿಕಾದಲ್ಲಿ ನಾಲ್ಕನೇ ಸ್ಥಾನಕ್ಕೆ ಇಳಿಯಿತು. ಅಲ್ಲಿನ ಸಾಮಾನ್ಯ ಜನರ ಕೈಯಲ್ಲಿ ಮೊದಲ ಬದಲಾವಣೆಯಿಂದ ಒಂದು ಕಾಸೂ ಹೆಚ್ಚಾಗಲಿಲ್ಲ, ಎರಡನೆಯದು ಮಾತ್ರ ಆಮದು ವಸ್ತುಗಳ ಬೆಲೆಯಾಗಿ ಎಲ್ಲರನ್ನೂ ತಟ್ಟಿತು.

ವಿನಿಮಯ ದರದ ಈ ಏರುಪೇರನ್ನು ತಪ್ಪಿಸಲು ಅರ್ಥಶಾಸ್ತ್ರಜ್ಞರು ಬಳಸುವ ಇನ್ನೊಂದು ಅಳತೆಗೆ ಕೊಳ್ಳುವ ಶಕ್ತಿಯ ಸಮಾನತೆ ಎಂದು ಹೆಸರು. ಪಿಪಿಪಿ ಎಂದೇ ಹೆಚ್ಚು ಪರಿಚಿತ. ತುಮಕೂರಿನಲ್ಲಿ ಕ್ಷೌರಕ್ಕೆ ಕೊಡುವ ಹಣ ಟೋಕಿಯೋದಲ್ಲಿ ಯಾವುದಕ್ಕೂ ಸಾಲದು, ಆದರೂ ಎರಡೂ ಕಡೆ ಆಗುವ ಕೆಲಸ ಒಂದೇ. ವಿಶ್ವ ಬ್ಯಾಂಕ್ ನಡೆಸುವ ಅಂತರರಾಷ್ಟ್ರೀಯ ಹೋಲಿಕೆ ಕಾರ್ಯಕ್ರಮವು ಇಂಥ ಸಾವಿರಾರು ಸರಕು, ಸೇವೆಗಳ ಬೆಲೆಯನ್ನು ದೇಶ ದೇಶಗಳಲ್ಲಿ ಸಂಗ್ರಹಿಸಿ ಬೇರೆಯದೇ ಪರಿವರ್ತನಾ ದರವನ್ನು ರೂಪಿಸುತ್ತದೆ. ಭಾರತಕ್ಕೆ ಆ ದರ ಡಾಲರಿಗೆ ಸುಮಾರು 20 ರೂಪಾಯಿ. ಈ ಲೆಕ್ಕದಲ್ಲಿ ಭಾರತ ಬಹಳ ಹಿಂದೆಯೇ ಮೂರನೇ ಸ್ಥಾನದಲ್ಲಿದೆ. ಚೀನಾ 2014ರ ಹೊತ್ತಿಗೇ ಅಮೆರಿಕವನ್ನು ದಾಟಿದೆ. ಇದೂ ದೋಷವಿಲ್ಲದ ಅಳತೆಯಲ್ಲ: ಹೊಸ ಬೆಲೆ ಸಮೀಕ್ಷೆಯ ಫಲಿತಾಂಶ 2007ರ ಡಿಸೆಂಬರ್‌ನಲ್ಲಿ ಹೊರಬಿದ್ದಾಗ ಚೀನಾದ ಪಿಪಿಪಿ ಜಿಡಿಪಿ ಒಂದೇ ಏಟಿಗೆ ಸುಮಾರು ಶೇ 40ರಷ್ಟು ಕಡಿತಗೊಂಡಿತ್ತು. ಕಚ್ಚಾತೈಲ, ಯುದ್ಧವಿಮಾನ, ವಿದೇಶಿ ಸಾಲದ ಕಂತು ಇವನ್ನು ಪಿಪಿಪಿ ಡಾಲರಿನಲ್ಲಿ ತೀರಿಸಲಾಗುವುದಿಲ್ಲವಾದ್ದರಿಂದ ಜಾಗತಿಕ ಮಾರುಕಟ್ಟೆಯಲ್ಲಿ ಒಂದು ದೇಶದ ತೂಕವನ್ನು ಅಳೆಯಲು ವಿನಿಮಯ ದರದ ಡಾಲರ್ ಲೆಕ್ಕವೇ ಹೆಚ್ಚು ಉಪಯುಕ್ತವೆಂಬುದು ನನ್ನ ಅಭಿಪ್ರಾಯ. ಒಳಗಿನ ಜನಜೀವನದ ಮಟ್ಟವನ್ನು ಹೋಲಿಸುವಾಗ ಪಿಪಿಪಿ ಮೇಲು.

ವರ್ಷಗಳ ಬದಲು ಶತಮಾನಗಳ ಲೆಕ್ಕ ಹಿಡಿದರೆ ನಾಣ್ಯದ ಏರಿಳಿತ ಹಿಂದಕ್ಕೆ ಸರಿದು, ಜನಸಂಖ್ಯೆ ಮತ್ತು ತಲಾ ಉತ್ಪಾದಕತೆ ಎಂಬ ಎರಡೇ ಅಂಶಗಳು ಉಳಿಯುತ್ತವೆ. ಅರ್ಥಶಾಸ್ತ್ರಜ್ಞ ಆಂಗಸ್ ಮ್ಯಾಡಿಸನ್ ಅಂದಾಜಿನಂತೆ 1700ರಲ್ಲಿ ಜಗತ್ತಿನ ಉತ್ಪಾದನೆಯಲ್ಲಿ ಭಾರತ ಉಪಖಂಡದ ಪಾಲು ಸುಮಾರು ಶೇ 24. 1820ರಲ್ಲಿ ಚೀನಾದ್ದು ಮೂರನೇ ಒಂದು ಭಾಗ. ಭಾಷಣಗಳಲ್ಲಿ ಪದೇ ಪದೇ ಕೇಳಿಬರುವ ಈ ಅಂಕಿಗಳು ಅಂದಾಜುಗಳೆಂಬುದನ್ನು ಮರೆಯುವಂತಿಲ್ಲ. ಯಂತ್ರಗಳಿಲ್ಲದ ಕಾಲದಲ್ಲಿ ಒಬ್ಬ ಮನುಷ್ಯನ ದುಡಿಮೆಯ ಫಲ ದೇಶದಿಂದ ದೇಶಕ್ಕೆ ಇಂದಿನಷ್ಟು ಭಿನ್ನವಾಗಿರಲಿಲ್ಲವಾದ್ದರಿಂದ, ಹೆಚ್ಚು ಜನರಿದ್ದ ದೇಶವೇ ದೊಡ್ಡ ಆರ್ಥಿಕತೆಯಾಗಿತ್ತು. ಕೈಗಾರಿಕಾ ಕ್ರಾಂತಿ ಆ ಸಂಬಂಧವನ್ನು ಮುರಿಯಿತು: ಚಿಕ್ಕ ಬ್ರಿಟನ್ ಮುನ್ನುಗ್ಗಿತು, ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕ ಮೊದಲ ಸ್ಥಾನಕ್ಕೇರಿತು, ಭಾರತದ ಪಾಲು 1950ರಲ್ಲಿ ಶೇ 4ರ ಸುಮಾರಿಗೆ ಇಳಿಯಿತು. ಈಗ ಯಂತ್ರ, ಶಿಕ್ಷಣ, ವಿದ್ಯುತ್ತು ಎಲ್ಲೆಡೆ ಹರಡುತ್ತಿರುವಾಗ ಜನಸಂಖ್ಯೆಗೆ ಮತ್ತೆ ಬೆಲೆ ಬರುತ್ತಿದೆ. ಸುಮಾರು 145 ಕೋಟಿ ಜನರ ಭಾರತವು ಸುಮಾರು 12.4 ಕೋಟಿ ಜನರ ಜಪಾನಿಗೆ ಸಮನಾಗಲು ಪ್ರತಿ ಭಾರತೀಯನ ಉತ್ಪಾದನೆ ಜಪಾನೀಯನ ಹನ್ನೆರಡನೇ ಒಂದು ಭಾಗದಷ್ಟಾದರೆ ಸಾಕು. ಜಪಾನಿನ ಜನಸಂಖ್ಯೆಯಂತೂ 2008ರ ಸುಮಾರಿನಿಂದ ಇಳಿಮುಖವಾಗಿದೆ. ಯೆನ್ ಚೇತರಿಸಿಕೊಂಡರೆ ಅಥವಾ ರೂಪಾಯಿ ಇನ್ನಷ್ಟು ಜಾರಿದರೆ ಈ ಎರಡು ದೇಶಗಳು ಕೆಲವು ವರ್ಷ ಪಟ್ಟಿಯಲ್ಲಿ ಒಂದನ್ನೊಂದು ದಾಟುತ್ತ ಇರಬಹುದು. ಆದರೆ ಅಂತಿಮವಾಗಿ ಭಾರತ ಮುಂದೆ ಹೋಗುವುದನ್ನು ತಡೆಯುವಷ್ಟು ಬಲ ವಿನಿಮಯ ದರಕ್ಕೆ ಇದ್ದಂತಿಲ್ಲ.