128 ಬೈಟುಗಳಲ್ಲಿ ಒಂದು ಸಾಮ್ರಾಜ್ಯ

ನಾಯಕನಿಗೆ ಕೈಕಾಲಿಲ್ಲ, ಮುಖವಿಲ್ಲ. ಅವನೊಂದು ಪುಟ್ಟ ಚೌಕ. ಹಳದಿ ಕೋಟೆಯ ಮುಂದೆ ನಿಂತಾಗ ಅವನೂ ಹಳದಿ, ನೀಲಿ ಗೋಡೆಗಳ ಚಕ್ರವ್ಯೂಹ ಹೊಕ್ಕರೆ ಅವನೂ ನೀಲಿ. ಕತ್ತಿ ನೋಡಲು ಬಾಣದ ಗುರುತು, ಡ್ರ್ಯಾಗನ್‌ಗಳು ಥೇಟ್ ಬಾತುಕೋಳಿಗಳು. ಟಿವಿಗೆ ಜೋಡಿಸಿ ಆಡುವ ಅಟಾರಿ 2600 ಕನ್ಸೋಲಿಗಾಗಿ ವಾರೆನ್ ರಾಬಿನೆಟ್ ಬರೆದ ‘ಅಡ್ವೆಂಚರ್’ ಆಟವನ್ನು ಇವತ್ತು ಎಮ್ಯುಲೇಟರ್‌ನಲ್ಲಿ, ಅಂದರೆ ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದಲ್ಲಿ, ತೆರೆದರೆ ಮೊದಲು ಕಾಣುವುದು ಇಷ್ಟೇ. ಸ್ವಲ್ಪ ಹೊತ್ತು ಆಡಿದ ಮೇಲೆ ಮಾತ್ರ ಪರದೆಯ ಆಚೆಗೂ ಏನೋ ನಡೆಯುತ್ತಿದೆ ಎಂಬ ಅನುಮಾನ ಹುಟ್ಟುತ್ತದೆ. ಅನುಮಾನ ನಿಜ. ಈ ಆಟ ಇನ್ನೂ ಹಳತಾಗದಿರುವುದಕ್ಕೆ ಕಾರಣವೇ ಅದು ಎಂದು ನನಗನಿಸುತ್ತದೆ.

1978ರಲ್ಲಿ ರಾಬಿನೆಟ್ ಸ್ಟ್ಯಾನ್‌ಫರ್ಡ್‌ನ ದೊಡ್ಡ ಕಂಪ್ಯೂಟರಿನಲ್ಲಿ ವಿಲ್ ಕ್ರೌದರ್ ಮತ್ತು ಡಾನ್ ವುಡ್ಸ್ ರೂಪಿಸಿದ ಗುಹೆಯ ಆಟವನ್ನು ಕಂಡರು. ಅದರಲ್ಲಿ ಚಿತ್ರವೇ ಇಲ್ಲ, ಎಲ್ಲವೂ ಬರಹ. ಅದನ್ನು ಟಿವಿ ಪರದೆಗೆ ಚಿತ್ರವಾಗಿ ತರುವ ಹುಚ್ಚು ಹಿಡಿಯಿತು. ಆಟವನ್ನು ತುಂಬಿ ಕನ್ಸೋಲಿಗೆ ಸಿಕ್ಕಿಸುವ ಕಾರ್ಟ್ರಿಜ್‌ನಲ್ಲಿ ಅವರಿಗೆ ಸಿಕ್ಕ ಜಾಗ 4096 ಬೈಟು. ಆಟ ನಡೆಯುವಾಗ ಲೆಕ್ಕ ಇಟ್ಟುಕೊಳ್ಳಲು ಕನ್ಸೋಲಿನಲ್ಲಿದ್ದ ನೆನಪು (ಮೆಮೊರಿ) 128 ಬೈಟು. ಇಂದಿನ ಯೂನಿಕೋಡ್ ಬರಹದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಸಾಮಾನ್ಯವಾಗಿ 3 ಬೈಟು ಬೇಕು. ಅಂದರೆ ನೀವು ಓದುತ್ತಿರುವ ಈ ಲೇಖನದ ಅರ್ಧವೂ ಆ ಕಾರ್ಟ್ರಿಜ್‌ನಲ್ಲಿ ಹಿಡಿಸುತ್ತಿರಲಿಲ್ಲ. ರಾಬಿನೆಟ್ ಅದರಲ್ಲಿ ಮೂರು ಕೋಟೆ, ಮೂರು ಡ್ರ್ಯಾಗನ್, ಒಂದು ಬಾವಲಿ, 30 ಕೋಣೆಗಳನ್ನು ಕೂರಿಸಿದರು.

ಜಾಗದ ಅಭಾವಕ್ಕಿಂತ ಕಠಿಣವಾದದ್ದು ಸಮಯದ ಅಭಾವ. ಪರದೆಯ ಪೂರ್ತಿ ಚಿತ್ರವನ್ನು ಮೊದಲೇ ಬರೆದಿಟ್ಟುಕೊಳ್ಳುವ ನೆನಪು 2600ಕ್ಕೆ ಇರಲಿಲ್ಲ. ಟಿವಿಯ ಎಲೆಕ್ಟ್ರಾನ್ ಕಿರಣ ಎಡದಿಂದ ಬಲಕ್ಕೆ ಗೆರೆ ಎಳೆಯುತ್ತಾ ಇಳಿಯುವಾಗಲೇ, ಯಾವ ಗೆರೆಯಲ್ಲಿ ಏನಿರಬೇಕು ಎಂದು ಪ್ರೋಗ್ರಾಂ ಕನ್ಸೋಲಿನ ಚಿತ್ರ ಬಿಡಿಸುವ ಚಿಪ್ಪಿಗೆ ಹೇಳುತ್ತಾ ಹೋಗಬೇಕು. ಒಂದು ಗೆರೆಗೆ ಪ್ರೊಸೆಸರಿನ 76 ಬಡಿತ. ಅಷ್ಟರೊಳಗೆ ಮುಗಿಯದಿದ್ದರೆ ಚಿತ್ರ ಕೆಟ್ಟಿತು. ಆ ಚಿಪ್ಪು ತಾನಾಗಿ ಬಿಡಿಸಬಲ್ಲ ಚಲಿಸುವ ವಸ್ತುಗಳೂ ಬೆರಳೆಣಿಕೆಯವು: ಎರಡು ಚಿತ್ರ, ಎರಡು ಗುಂಡು, ಒಂದು ಚೆಂಡು. ಎಷ್ಟಾದರೂ ಟೆನಿಸ್, ಟ್ಯಾಂಕ್ ಕಾಳಗದಂಥ ಆಟಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಯಂತ್ರ. ರಾಬಿನೆಟ್ ಎರಡು ಚಿತ್ರಗಳನ್ನು ಡ್ರ್ಯಾಗನ್, ಕೀಲಿಕೈ ಮುಂತಾದವಕ್ಕೆ ಮೀಸಲಿಟ್ಟು, ಚೆಂಡನ್ನೇ ನಾಯಕನನ್ನಾಗಿ ಮಾಡಿದರು. ಚೆಂಡಿಗೆ ಗೋಡೆಯ ಬಣ್ಣವೇ ಬರುವುದು ಆ ಚಿಪ್ಪಿನ ನಿಯಮ. ನಾಯಕ ಕೋಣೆಗೊಂದು ಬಣ್ಣ ತಾಳುವ ಗುಟ್ಟು ಅದು. ಒಂದೇ ಕೋಣೆಯಲ್ಲಿ ಎರಡಕ್ಕಿಂತ ಹೆಚ್ಚು ವಸ್ತುಗಳಿದ್ದರೆ ಪ್ರೋಗ್ರಾಂ ಅವನ್ನು ಸರದಿಯ ಮೇಲೆ ತೋರಿಸುತ್ತದೆ. ಆಗ ಅವೆಲ್ಲ ಮಿಣುಕುತ್ತವೆ.

ನನಗೆ ತೀರಾ ಮೆಚ್ಚುಗೆಯಾದದ್ದು ಕತ್ತಲೆಯ ಚಕ್ರವ್ಯೂಹ. ಅಲ್ಲಿ ನಾಯಕನ ಸುತ್ತ ದೀಪ ಹಿಡಿದಷ್ಟು ಜಾಗ ಮಾತ್ರ ಕಾಣುತ್ತದೆ. ಇಷ್ಟು ಬಡ ಯಂತ್ರ ಬೆಳಕಿನ ಲೆಕ್ಕ ಹಾಕುವುದಾದರೂ ಹೇಗೆ? ಹಾಕುವುದಿಲ್ಲ. ಗೋಡೆಗೂ ನೆಲಕ್ಕೂ ಒಂದೇ ಬೂದು ಬಣ್ಣ, ಹಾಗಾಗಿ ಗೋಡೆ ಇದ್ದೂ ಕಾಣುವುದಿಲ್ಲ. ನಾಯಕನ ಜೊತೆಗೇ ಸರಿಯುವ ಕಿತ್ತಳೆ ಬಣ್ಣದ ದೊಡ್ಡ ಚೌಕವೊಂದು ಗೋಡೆಯ ಹಿಂದೆ ಬರುವಂತೆ ಏರ್ಪಾಡಾಗಿದೆ. ಅದು ಎಲ್ಲಿ ಹಾಯುತ್ತದೋ ಅಲ್ಲಿ ಗೋಡೆ ಎದ್ದು ಕಾಣುತ್ತದೆ.

ಕೋಣೆಗಳ ನಕ್ಷೆಯಲ್ಲೂ ಇಂಥದೇ ಉಳಿತಾಯ. ಎಡ ಅರ್ಧವನ್ನಷ್ಟೇ ಬರೆದಿಟ್ಟು ಬಲಕ್ಕೆ ಅದರ ಪ್ರತಿಬಿಂಬ. ಒಂದು ಪಕ್ಕ ಮಾತ್ರ ಮುಚ್ಚಬೇಕಾದ ಕಡೆ, ಗುಂಡಿನ ಚಿತ್ರವನ್ನು ಉದ್ದಕ್ಕೆ ಎಳೆದು ತೆಳ್ಳನೆಯ ಗೋಡೆ ಮಾಡಿದ್ದಾರೆ. ಆಟ ತಯಾರಿಸಿದವರ ಹೆಸರನ್ನು ಅಟಾರಿ ಆಗ ಎಲ್ಲೂ ಹಾಕುತ್ತಿರಲಿಲ್ಲ. ರಾಬಿನೆಟ್ ತಮ್ಮ ಹೆಸರನ್ನು ಅಂಥದೊಂದು ತೆಳು ಗೋಡೆಯ ಆಚೆ ಬಚ್ಚಿಟ್ಟು, ಸಹೋದ್ಯೋಗಿಗಳಿಗೂ ಹೇಳದೆ ಕಂಪನಿ ಬಿಟ್ಟರು. ಕಣ್ಣಿಗೆ ಬೀಳದ ಬೂದು ಚುಕ್ಕೆಯೊಂದನ್ನು ಹುಡುಕಿ ತಂದು, ಜೊತೆಗೆ ಬೇರೆ ಎರಡು ವಸ್ತುಗಳನ್ನಿಟ್ಟರೆ ಗೋಡೆ ದಾಟಬಹುದು. ಅದನ್ನು ಕಂಡುಹಿಡಿದು ಅಟಾರಿಗೆ ಪತ್ರ ಬರೆದವನು ಸಾಲ್ಟ್ ಲೇಕ್ ಸಿಟಿಯ ಹದಿಹರೆಯದ ಹುಡುಗ.

ಇನ್ನು ಪರದೆಯ ಆಚೆಗಿನ ಸಂಗತಿ. ಪ್ರತಿ ವಸ್ತುವಿನ ವಿವರವೂ ಮೂರು ಬೈಟು: ಯಾವ ಕೋಣೆ, ಎಷ್ಟು ಅಡ್ಡ, ಎಷ್ಟು ಎತ್ತರ. ನೀವು ಎಲ್ಲೇ ಇರಿ, ಪ್ರೋಗ್ರಾಂ ಎಲ್ಲ ಡ್ರ್ಯಾಗನ್‌ಗಳನ್ನೂ ಬಾವಲಿಯನ್ನೂ ತಪ್ಪದೆ ಒಂದೊಂದು ಹೆಜ್ಜೆ ಸರಿಸುತ್ತದೆ. ಪ್ರತಿ ಡ್ರ್ಯಾಗನ್‌ಗೂ ಒಂದು ಪಟ್ಟಿ ಉಂಟು: ಯಾವುದಕ್ಕೆ ಹೆದರಬೇಕು, ಯಾವುದನ್ನು ಕಾಯಬೇಕು, ಯಾರನ್ನು ಅಟ್ಟಬೇಕು. ಹಳದಿ ಡ್ರ್ಯಾಗನ್‌ಗೆ ಚಿನ್ನದ ಕೀಲಿಕೈ ಎಂದರೆ ಭಯ. ಕೀಲಿ ಅದೇ ಕೋಣೆಯಲ್ಲಿದ್ದರೆ ಅದು ಓಡುತ್ತದೆ, ಇಲ್ಲದಿದ್ದರೆ ನಿಮ್ಮ ಮೇಲೆ ಬೀಳುತ್ತದೆ. ಬಾವಲಿಗೆ ಭಯವಿಲ್ಲ, ಆಸೆ ಮಾತ್ರ. ಗೋಡೆ ಲೆಕ್ಕಿಸದೆ ಹಾರುತ್ತಾ, ಕಂಡದ್ದನ್ನು ಎತ್ತಿಕೊಂಡು, ಸ್ವಲ್ಪ ಹೊತ್ತಿಗೆ ಬೇಸರವಾಗಿ ಬೇರೊಂದಕ್ಕೆ ಅದಲುಬದಲು ಮಾಡಿಕೊಳ್ಳುತ್ತದೆ. ನೀವು ಜೋಪಾನವಾಗಿ ಇಟ್ಟುಬಂದ ಕತ್ತಿ ವಾಪಸು ಬರುವಷ್ಟರಲ್ಲಿ ಮಾಯ. ಅದರ ಜಾಗದಲ್ಲಿ ಹಸಿರು ಡ್ರ್ಯಾಗನ್!

ಡ್ರ್ಯಾಗನ್ ನಿಮ್ಮನ್ನು ನುಂಗಿದರೂ ಆಟ ನಿಲ್ಲುವುದಿಲ್ಲ. ಅದರ ಹೊಟ್ಟೆಯಲ್ಲಿ ಚೌಕವಾಗಿ ಕೂತಿರುತ್ತೀರಿ. ಆಗ ಬಾವಲಿ ಬಂದು ಆ ಡ್ರ್ಯಾಗನ್ನನ್ನೇ ಎತ್ತಿಕೊಂಡು ಹಾರಿದರೆ, ನೀವೂ ಹೊಟ್ಟೆಯೊಳಗಿಂದಲೇ ಕೋಟೆ, ಕಾರಿಡಾರು, ಚಕ್ರವ್ಯೂಹಗಳನ್ನೆಲ್ಲ ಸುತ್ತಿಬರುತ್ತೀರಿ. ಇದಕ್ಕೆಂದು ಬೇರೆ ದೃಶ್ಯ ಬರೆದಿಟ್ಟಿಲ್ಲ. ನುಂಗಿಸಿಕೊಂಡವನು ಡ್ರ್ಯಾಗನ್ ಜೊತೆ ಸಾಗಬೇಕು, ಬಾವಲಿ ಸಿಕ್ಕಿದ್ದನ್ನು ಹೊತ್ತೊಯ್ಯಬೇಕು ಎಂಬ ಎರಡು ಬೇರೆ ಬೇರೆ ನಿಯಮಗಳು ಎದುರುಬದುರಾದಾಗ ಅದು ತಾನೇ ಹುಟ್ಟಿಕೊಳ್ಳುತ್ತದೆ.